ಇನ್ನೂ ಸ್ವಲ್ಪ ಹೊತ್ತು ಕೂರಲಿ

ಸೂಜಿಪದದ ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದು ನಾನು ನನ್ನ ಮಾವನಿಗೆ ಮಾತು ಕೊಟ್ಟಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಮಾವ ಚಿಕ್ಕೀರಯ್ಯ ನನ್ನ ಬಲಗೈಯನ್ನು ದೋಣಿಯ ಮೂತಿಯ ಮೇಲೆ ಇಡಿಸಿ, "ಕಳೀಬ್ಯಾಡ, ಕೂಡಿಸಬ್ಯಾಡ, ತಿದ್ದಬ್ಯಾಡ. ನಾ ಹೇಳ್ಕೊಟ್ಟಂಗೇ ಹೇಳು. ಆಯ್ತಾ ಸಾಕಮ್ಮ?" ಎಂದರು. ಆಯಿತು ಎಂದೆ. ಮಾತಿನ ತೂಕ ನೋಡುವ ಹೊತ್ತಲ್ಲ ಅದು. ಬೇಗ ಮನೆಗೆ ಹೋಗಿ ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುವುದೊಂದೇ ನನ್ನ ತಲೆಯಲ್ಲಿತ್ತು.

ನಮ್ಮ ಊರು ಹೊಳೆಯ ಈ ದಡದಲ್ಲಿದೆ. ಸಂತೆ, ಶಾಲೆ, ಆಸ್ಪತ್ರೆ ಎಲ್ಲ ಆ ದಡದಲ್ಲಿವೆ. ನಡುವೆ ಓಡಾಡುವುದು ಒಂದೇ ದೋಣಿ. ಅದಕ್ಕೆ ಹುಟ್ಟಿಲ್ಲ, ಗಳವಿಲ್ಲ, ಹಗ್ಗವಿಲ್ಲ. ಸೂಜಿಪದ ಹೇಳಿದರೆ ಹೋಗುತ್ತದೆ, ಬಾಯಿ ಮುಚ್ಚಿದರೆ ನಿಲ್ಲುತ್ತದೆ. ಪದ ಶುರುವಾದಾಗ ಒಂದು ದಡ, ಮುಗಿದಾಗ ಇನ್ನೊಂದು ದಡ. ಬೆಳಿಗ್ಗೆ ನೀರಿನ ಮೇಲೆ ಬಿಸಿಲು ಬೀಳುವ ತನಕ ಮಾತ್ರ ಏನು ಹೇಳಿದರೂ ಅಲುಗುವುದಿಲ್ಲ. ಅದೂ ಮಲಗಿ ಏಳಬೇಕಲ್ಲ.

ಊರಿನವರು ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ನನಗೆ ನೆಗಡಿಯಾದರೆ ದೋಣಿ ಮುಗ್ಗರಿಸುತ್ತದೆಂದು ಮಳೆಗಾಲದಲ್ಲಿ ಯಾರಾದರೂ ಬಂದು ಹೊಸ್ತಿಲ ಮೇಲೆ ಶುಂಠಿ ಇಟ್ಟು ಹೋಗುತ್ತಾರೆ. ದೋಣಿಯಲ್ಲಿ ಬೇರೆ ಹಾಡು ಗುನುಗುವಂತಿಲ್ಲ. ಹೊಸ ಅಳಿಯನೊಬ್ಬ ಯಾವುದೋ ಸಿನಿಮಾ ಹಾಡು ಗುನುಗಿ, ದೋಣಿ ಗಲಿಬಿಲಿಗೊಂಡು ಜೊಂಡಿನೊಳಗೆ ನುಗ್ಗಿ, ಬೀಗರೂಟ ತಣ್ಣಗಾದದ್ದನ್ನು ಈಗಲೂ ಹೇಳಿ ನಗುತ್ತಾರೆ. ನನ್ನ ಗಂಡನಿಗೆ ಕಂಠವಿದೆ, ತಾಳವಿಲ್ಲ. ಅವರು ಹೇಳಿದರೆ ದೋಣಿ ಕುಂಟುತ್ತದೆ. ಅದಕ್ಕೇ ಪದ ಮಗನನ್ನು ದಾಟಿ ಸೊಸೆಗೆ ಬಂತು, ಅವರು ಇಟ್ಟಿಗೆ ಗೂಡಿಗೆ ಹೋದರು. ನಾನು ಹಸು ಕರೆದು, ರೊಟ್ಟಿ ತಟ್ಟಿ, ಹಗಲೆಲ್ಲ ದೋಣಿ ನಡೆಸಿ, ಬಂದು ಮತ್ತೆ ಒಲೆ ಹಚ್ಚುತ್ತೇನೆ. ಒಂದೊಂದು ಮಧ್ಯಾಹ್ನ ಪದ ಹೇಳುತ್ತಲೇ ತೂಕಡಿಸುತ್ತೇನೆ, ದೋಣಿಯೂ ತೂಕಡಿಸುತ್ತದೆ. ಕೂತವರು "ಪಾಪ, ಇರಲಿ ಬಿಡಿ" ಎಂದು ಸೊಳ್ಳೆ ಹೊಡೆದುಕೊಂಡು ಕಾಯುತ್ತಾರೆ.

ಪದದ ಕಥೆ ದೊಡ್ಡದೇನಲ್ಲ. ಒಬ್ಬ ಹೆಂಗಸು ಕೌದಿ ಹೊಲಿಯಲು ಆ ದಡದ ಗೆಳತಿಯಿಂದ ಸೂಜಿ ತಂದಿರುತ್ತಾಳೆ. ಅದನ್ನು ವಾಪಸು ಕೊಡಲು ಹೊರಡುತ್ತಾಳೆ. "ಸೂಜಿ ಮರಳಿಸೆ ಹೊರಟಳೊಬ್ಬಳು, ರಾಜಬೀದಿಯ ಬಿಟ್ಟು ನಡೆದಳು, ಬೀಜ ಬಿತ್ತಿದ ಹೊಲವ ದಾಟುತ, ಮೋಜಿನಿಂದಲೆ ಹೊಳೆಗೆ ಬಂದಳು." ಆಮೇಲೆ "ಬಂದು ನೋಡಲು ದೋಣಿ ಕಾಣದು" ಎಂದು ಮುಂದಿನ ಪದ್ಯ. ಹೀಗೇ ಸಾಗಿ, ಹೊಳೆಯ ನಟ್ಟನಡುವೆ ಈ ಪದ್ಯ ಬರುತ್ತದೆ: "ಹೊಳೆಯ ನಡುವಲಿ ಗಾಳಿ ಬೀಸಲು, ಸೆಳೆದು ಸೆರಗನು ಹಿಡಿದುಕೊಂಡಳು, ಎಳೆಯ ಬಿಸಿಲಲಿ ಸೂಜಿ ಹೊಳೆಯಿತು, ಇನ್ನೂ ಸ್ವಲ್ಪ ಹೊತ್ತು ಕೂರಲಿ." ಈ ಕೊನೆಯ ಸಾಲು ಬಾಯಿಂದ ಬಿದ್ದ ಕೂಡಲೇ ದೋಣಿ ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ಸುತ್ತುತ್ತದೆ.

ಕೂರಬೇಕಾದದ್ದು ಯಾರು ಎಂಬುದರ ಬಗ್ಗೆ ಊರಲ್ಲಿ ಎರಡು ಪಂಗಡಗಳಿವೆ. ಸೂಜಿ ಕೂರಲಿ ಎಂದು ಕೆಲವರು, ಆ ಹೆಂಗಸು ಕೂರಲಿ ಎಂದು ಕೆಲವರು. ಯಾರೇ ಇರಲಿ, ದೋಣಿಯಲ್ಲಿ ಇರುವವರಂತೂ ಕೂರುತ್ತಾರೆ. ಎಲೆ ಅಡಿಕೆ ಬಿಚ್ಚುವುದು ಅಲ್ಲೇ, ಮಗುವಿಗೆ ಹಾಲು ಕೊಡುವುದು ಅಲ್ಲೇ, ಮುರಿದ ಮದುವೆ ಮಾತು ಮತ್ತೆ ಎತ್ತುವುದೂ ಅಲ್ಲೇ. ಸುತ್ತಿಗೆ ಸರಿಯಾಗಿ ಕೊಡೆಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿಕೊಳ್ಳುವುದನ್ನು ನಮ್ಮ ಮಕ್ಕಳು ನಡೆಯುವುದರ ಜೊತೆಗೇ ಕಲಿಯುತ್ತಾರೆ. ಮಾವ ಬದುಕಿದ್ದಾಗ ಒಂದೇ ಸುತ್ತು ಇತ್ತು. ಯಾವಾಗಲೋ ಒಬ್ಬ ಬಸುರಿ ಆಸೆಪಟ್ಟು ಸಾಲನ್ನು ಇನ್ನೊಮ್ಮೆ ಹೇಳಿದಳು, ಇನ್ನೊಂದು ಸುತ್ತಾಯಿತು. ಹೆರಿಗೆ ಸುಸೂತ್ರವಾಯಿತು. ಅಲ್ಲಿಂದ ಬಸುರಿಯರಿಗೊಂದು, ಮದುಮಕ್ಕಳಿಗೊಂದು, ಹೊಸದಾಗಿ ಅಂಗಡಿ ಹಾಕಿದವರಿಗೊಂದು, ಜ್ವರ ಬಿಟ್ಟೆದ್ದವರಿಗೊಂದು. ದೋಣಿ ಹತ್ತಿದ ಯಾರು ಬೇಕಾದರೂ "ನಂದೊಂದು!" ಎಂದು ಕೂಗಬಹುದು, ಕೂಗಿದ ಮೇಲೆ ಎಲ್ಲರೂ ಸೇರಿ ಸಾಲು ಹೇಳಲೇಬೇಕು. ಹೇಳದವರು ಮನುಷ್ಯರಲ್ಲ. ಮಾವ ಕೂಡಿಸಬ್ಯಾಡ ಎಂದಿದ್ದರು. ಕೂಡಿಸುತ್ತಿದ್ದವಳು ನಾನಲ್ಲ, ದೋಣಿ ತುಂಬ ಕೂತವರು.

ಇದರಿಂದ ಪೆಟ್ಟು ಬಿದ್ದದ್ದು ನನ್ನ ಮಗಳು ಪುಟ್ಟತಾಯಿಗೆ. ಬೆಳಗಿನ ಮೊದಲ ದೋಣಿಯೇ ಸಂತೆಯವರ ದೋಣಿ, ಅದೇ ಶಾಲೆಯ ದೋಣಿ. ಸುತ್ತಿ ಸುತ್ತಿ ದಡ ಮುಟ್ಟುವಷ್ಟರಲ್ಲಿ ಶಾಲೆಯಲ್ಲಿ ಎರಡನೆಯ ಗಂಟೆ ಬಾರಿಸಿ ಗೇಟು ಹಾಕಿರುತ್ತಿದ್ದರು. ಈ ಊರಿನಿಂದ ಏಳನೇ ಕ್ಲಾಸಿಗೆ ಬಂದವಳು ಇವಳೊಬ್ಬಳೇ. ಉಳಿದವರು ಗೇಟಿನ ಹೊರಗೆ ನಿಂತು ನಿಂತು ಬೇಸತ್ತು ಬಿಟ್ಟಿದ್ದರು. ಶಾಂತರಾಜ ಮೇಷ್ಟ್ರು ಒಂದು ದಿನ ಗೇಟಿನ ಸರಳುಗಳ ಆಚೆಯಿಂದಲೇ ನನ್ನ ಹತ್ತಿರ ಮಾತಾಡಿದರು.

"ನೋಡಿ ಸಾಕಮ್ಮನವರೇ, ಹುಡುಗಿ ಚುರುಕು. ಆದರೆ ಸೋಮವಾರ ಪರೀಕ್ಷೆ. ಎರಡನೇ ಗಂಟೆ ಆದಮೇಲೆ ಬಂದರೆ ಒಳಗೆ ಕೂರಿಸೋಕಾಗಲ್ಲ. ಮತ್ತೆ ಮುಂದಿನ ವರ್ಷವೇ."

"ದೋಣಿ ಸುತ್ತುತ್ತೆ ಸಾರ್. ನಾ ಏನ್ ಮಾಡ್ಲಿ?"

"ದೋಣಿ ನಿಮ್ಮದು, ಪದ ನಿಮ್ಮದು. ಗಂಟೆ ಮಾತ್ರ ನಂದು." ಅವರಿಗೆ ದೋಣಿಯ ಮೇಲೆ ಹಳೆಯ ಸಿಟ್ಟಿತ್ತು. ಬಂದ ಹೊಸದರಲ್ಲಿ ಒಮ್ಮೆ ಹತ್ತಿ, ಸುತ್ತು ತಾಳಲಾರದೆ ಸೌತೆಕಾಯಿ ಮಾರುವವಳ ಬುಟ್ಟಿಯೊಳಗೇ ವಾಂತಿ ಮಾಡಿಕೊಂಡಿದ್ದರು.

ಬೆಳಗಿನ ದೋಣಿಯಲ್ಲಿ ಹೆಚ್ಚಿನ ಸುತ್ತು ಬೇಡವೆಂದು ನಾನು ಊರಿನವರನ್ನು ಕೇಳಿಕೊಂಡೆ. ಎಲ್ಲರೂ ಒಪ್ಪಿದರು. ಮಗು ಓದಬೇಕು, ಮಗುವಿನ ಓದಿಗಿಂತ ದೊಡ್ಡದೇನಿದೆ ಎಂದರು. ಮಾರನೆಯ ದಿನ ಹೊಳೆಯ ನಡುವೆ ಮೊಟ್ಟೆ ಮಾರುವ ಇಮಾಮಣ್ಣ ಗಂಟಲು ಸರಿಮಾಡಿಕೊಂಡ.

"ಸಾಕಕ್ಕ, ಬೇರೆಯೋರದ್ದೆಲ್ಲ ಬಿಡಿಸು, ನ್ಯಾಯ. ನಂದೊಂದೇ ಒಂದು. ಕೆಂಪು ಕೋಳಿ ಕಾವಿಗೆ ಕೂತು ಎರಡು ವಾರ ಆಯ್ತು."

"ನಿನ್ನ ಕೋಳಿ ಕೂತರೆ ದೋಣಿ ಯಾಕಣ್ಣ ಸುತ್ತಬೇಕು?"

"ಕೂರಲಿ ಅಂತ ಪದದಲ್ಲೇ ಐತಲ್ಲಕ್ಕ!"

ಅವನ ಕೋಳಿಗೆ ಸುತ್ತು ಸಿಕ್ಕಿದ ಮೇಲೆ ನಮ್ಮ ಸೊಸೆಗೇಕೆ ಇಲ್ಲ, ನಮ್ಮ ಎಮ್ಮೆಗೇಕೆ ಇಲ್ಲ ಎಂದು ಶುರುವಾಯಿತು. ಅವತ್ತು ಎಂದಿಗಿಂತ ತಡವಾಯಿತು.

ಅದೇ ವಾರ ಮೇಷ್ಟ್ರು ಪುಟ್ಟತಾಯಿಗೆ ಮನೆಗೆಲಸ ಕೊಟ್ಟಿದ್ದರು: ನಿಮ್ಮ ಊರಿನ ಪದವನ್ನೇ ತೆಗೆದುಕೊಂಡು ಪ್ರಸ್ತಾರ ಹಾಕಿಕೊಂಡು ಬಾ. ಬಹುಶಃ ಸಿಟ್ಟಿನಿಂದಲೇ ಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ದೋಣಿ ಖಾಲಿಯಾಗಿ ನಿಂತಿದ್ದಾಗ ಅವಳು ಸೀಮೆಸುಣ್ಣ ಹಿಡಿದು ಕೂರುವ ಹಲಗೆಗಳ ಮೇಲೆ ಪದ ಬರೆಯತೊಡಗಿದಳು. ಬರೆದು, ಅಕ್ಷರಗಳ ನೆತ್ತಿಯ ಮೇಲೆ ಒಂದೊಂದು ಗುರುತು ಹಾಕಿದಳು. ಚಿಕ್ಕ ಅಕ್ಷರಕ್ಕೆ ಬಟ್ಟಲಿನಂಥದು, ಎಳೆಯುವ ಅಕ್ಷರಕ್ಕೆ ಅಡ್ಡಗೆರೆ.

"ಬಟ್ಟಲು ಲಘು, ಒಂದು ಮಾತ್ರೆ. ಗೆರೆ ಗುರು, ಎರಡು ಮಾತ್ರೆ. ಸೂಜಿ, ಮೂರು. ಮರಳಿಸೆ, ನಾಲ್ಕು. ಹೊರಟ, ಮೂರು. ಳೊಬ್ಬಳು, ನಾಲ್ಕು. ನೋಡವ್ವ, ಮೂರು ನಾಲ್ಕು, ಮೂರು ನಾಲ್ಕು. ಎಲ್ಲಾ ಸಾಲೂ ಹಿಂಗೇ."

ಇಷ್ಟು ವರ್ಷ ಹೇಳಿದ ಪದಕ್ಕೆ ಲೆಕ್ಕವೊಂದಿದೆ ಎಂದು ನನ್ನ ಬಾಯಿಗೆ ಗೊತ್ತಿರಲಿಲ್ಲ, ಸೊಂಟಕ್ಕೆ ಗೊತ್ತಿತ್ತು. ದೋಣಿ ಹೋಗುವುದೇ ಹಾಗೆ. ಒಂದು ಸಣ್ಣ ತೂಗು, ಒಂದು ದೊಡ್ಡ ತೂಗು, ಸಣ್ಣ, ದೊಡ್ಡ. ಬಿಂದಿಗೆ ಹೊತ್ತವಳು ಏರಿ ಹತ್ತುವಾಗ ಇಡುವ ಹೆಜ್ಜೆಯ ಹಾಗೆ. ನಾನೂ ಅವಳ ಪಕ್ಕ ಕೂತೆ.

"ಇಲ್ಲೊಂದದೆ ನೋಡು," ಎಂದಳು. "ಸೂಜಿ, ರಾಜ, ಬೀಜ, ಮೋಜು. ಸಾಲಿನ ಎರಡನೇ ಅಕ್ಷರ ಎಲ್ಲಾ ಕಡೇನೂ ಜ. ಇದು ಪ್ರಾಸ. ಮೊದಲನೇ ಅಕ್ಷರ ಒಂದರಲ್ಲಿ ಎಳೆದ್ರೆ ನಾಲ್ಕರಲ್ಲೂ ಎಳೀಬೇಕಂತೆ."

ದೋಣಿಯ ಹಲಗೆಗಳನ್ನು ನೋಡಿದೆ. ಪಕ್ಕಪಕ್ಕದ ಹಲಗೆಗಳಲ್ಲಿ ಒಂದೇ ನೇರಕ್ಕೆ ಮೊಳೆ ಹೊಡೆದಿದ್ದರು, ಅಂಚಿನಿಂದ ಅಷ್ಟೇ ದೂರಕ್ಕೆ. ಪದ ಕಟ್ಟಿದವರೂ ದೋಣಿ ಕಟ್ಟಿದವರೂ ಒಬ್ಬರೇ ಇರಬೇಕು ಎಂದೆ. ಅವಳಿಗೆ ಅದು ಕೇಳಿಸಲಿಲ್ಲ. ಅವಳು ಹೊಳೆಯ ನಡುವಿನ ಪದ್ಯಕ್ಕೆ ಬಂದು ನಿಂತಿದ್ದಳು.

"ಹೊಳೆಯ, ಸೆಳೆದು, ಎಳೆಯ. ಎರಡನೇ ಅಕ್ಷರ ಳ, ಳ, ಳ. ಕೊನೇ ಸಾಲು ಇನ್ನೂ. ಇಲ್ಲಿ ಳ ಎಲ್ಲೋಯ್ತು?"

"ಮೊಳೆ ಬಿದ್ದೋಗಿರಬೇಕು. ಮಾತ್ರೆ ಎಣಿಸು."

ಎಣಿಸಿದಳು. ಹದಿನಾಲ್ಕು. ಮೂರು ನಾಲ್ಕು, ಮೂರು ನಾಲ್ಕು ಸೇರಿದರೂ ಹದಿನಾಲ್ಕೇ. ಸರಿಯಾಗಿಯೇ ಇದೆಯಲ್ಲ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವಳು ಉಗುರಿನಿಂದ ಸಾಲನ್ನು ತುಂಡು ತುಂಡಾಗಿ ಕತ್ತರಿಸಿದಳು. "ಇನ್ನೂ, ನಾಲ್ಕು. ಸ್ವಲ್ಪ, ಮೂರು. ಹೊತ್ತು, ಮೂರು. ಕೂರಲಿ, ನಾಲ್ಕು." ಸೀಮೆಸುಣ್ಣ ಅವಳ ಕೈಯಿಂದ ಬಿತ್ತು. "ಅವ್ವ! ಮೂರು ನಾಲ್ಕಲ್ಲ, ನಾಲ್ಕು ಮೂರು. ಹಿಂದುಮುಂದಾಗದೆ. ದೊಡ್ಡ ಹೆಜ್ಜೆ ಮೊದಲು ಇಟ್ಬಿಟ್ರೆ ದೋಣಿ ಇನ್ನೇನ್ ಮಾಡ್ತದೆ? ತಿರುಗ್ತದೆ!"

ಎಂದರೆ ಆ ಸಾಲು ಅಲ್ಲಿಯದಲ್ಲ. ಯಾರೋ ತಂದು ಇಟ್ಟದ್ದು. ಮೊದಲಿದ್ದ ಸಾಲು ಎಲ್ಲಿಯೋ ಹೋಗಿದೆ. ಸರಿಯಾದ ಸಾಲು ಬಂದರೆ ದೋಣಿ ಸುತ್ತುವುದಿಲ್ಲ, ಸುತ್ತದಿದ್ದರೆ ಸೋಮವಾರ ಪುಟ್ಟತಾಯಿ ಗೇಟಿನ ಒಳಗಿರುತ್ತಾಳೆ. ಇಷ್ಟು ಯೋಚನೆ ಬರುವುದರೊಳಗೆ ಮಾವನ ಮುಖವೂ ಕಣ್ಣೆದುರು ಬಂತು. ತಿದ್ದಬ್ಯಾಡ.

"ನೀ ತಿದ್ದಬ್ಯಾಡ," ಎಂದಳು ಮಗಳು. "ನಾ ತಿದ್ದತೀನಿ. ನಾ ಯಾರಿಗೂ ಮಾತು ಕೊಟ್ಟಿಲ್ಲ."

ಭಾನುವಾರ ಸಂತೆಯಿಲ್ಲ. ಆ ದಡದ ಹೋಟೆಲಿಗೆ ಮೊಟ್ಟೆ ಕೊಡಲು ಇಮಾಮಣ್ಣನೊಬ್ಬನೇ ಬಂದ. ಹಲಗೆಯ ತುಂಬ ಗೀಚಿದ್ದು ನೋಡಿ, "ಏನವ್ವ ಇದು?" ಎಂದ.

"ಮಾತ್ರೆ ಎಣಿಸ್ತಾ ಇದೀನಿ ಮಾಮ."

"ಯಾಕೆ, ಜ್ವರವಾ?"

ಅವನು ಗುರು ಲಘುಗಳ ಮೇಲೆಯೇ ಕೂತ. ಅವನ ಪಂಚೆಯ ಹಿಂದೆ ಅರ್ಧ ಪದ್ಯ ಮೂಡಿತು. ನಾನು ಪದ ಶುರು ಮಾಡಿದೆ. ಹೊಳೆಯ ನಡುವೆ ಆ ಸಾಲು ಬಂದಾಗ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡೆ. ಪುಟ್ಟತಾಯಿ ತಾನು ಕಟ್ಟಿದ್ದನ್ನು ಹೇಳಿದಳು: "ಅಳುತ ಊರಿನ ಕಡೆಗೆ ಹೊರಟಳು." ಎರಡನೆಯ ಅಕ್ಷರ ಳ, ಮೂರು ನಾಲ್ಕು ಮೂರು ನಾಲ್ಕು, ಎಲ್ಲ ಸರಿ. ದೋಣಿ ಸುತ್ತಲಿಲ್ಲ. ಅರ್ಧ ತಿರುಗಿ, ಬಂದ ದಾರಿ ಹಿಡಿದು ನೆಟ್ಟಗೆ ನಮ್ಮ ಊರಿನ ಕಡೆಗೆ ಹೊರಟಿತು.

"ಅಯ್ಯೋ, ಮನೆ ಕಡೆ ಯಾಕವ್ವ! ಹೋಟೆಲಿನೋನು ಕಾಯ್ತಾವ್ನೆ!" ಇಮಾಮಣ್ಣ ಬುಟ್ಟಿಯನ್ನು ಮಗುವಿನ ಹಾಗೆ ಅಪ್ಪಿಕೊಂಡ.

"ದೋಣಿಗೆ ಅರ್ಥಾನೂ ತಿಳೀತದಾ ಅವ್ವ?"

"ನಿಮ್ಮ ತಾತನ ಕಾಲದಿಂದ ಕೇಳ್ತಾ ಅದೆ. ತಿಳೀದೆ ಏನು?"

ಮತ್ತೆ ಮೊದಲಿಂದ ಶುರು ಮಾಡಿದೆವು. ಈ ಸಲ ಅವಳು, "ಬಳೆಯ ಸದ್ದಿಗೆ ಮೀನು ಕುಣಿದವು" ಎಂದಳು. ದೋಣಿ ಸುತ್ತಲಿಲ್ಲ, ತಿರುಗಲಿಲ್ಲ, ಮುಂದಕ್ಕೇ ಹೋಯಿತು. ಪುಟ್ಟತಾಯಿ ಚಪ್ಪಾಳೆ ಹೊಡೆದಳು. ನಾನು ಮುಂದಿನ ಪದ್ಯ ಎತ್ತಿಕೊಂಡೆ: "ನಕ್ಕು ಹೇಳಿದಳವಳು ದೋಣಿಗೆ." ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ದೋಣಿ ದಡಕ್ಕನೆ ಕುಸಿದು ಎದ್ದಿತು. ಬುಟ್ಟಿಯಲ್ಲಿ ಏನೋ ಚಿಟ್ಟೆಂದಿತು. ಇಮಾಮಣ್ಣ ಹುಲ್ಲು ಸರಿಸಿ ನೋಡಿ, ಬೆರಳು ನೆಕ್ಕಿಕೊಂಡು, ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದ.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡಿ. ಮೀನು ಕುಣೀತು ಅಂದ್ರಿ, ಒಪ್ಪಿದೆ. ಆಮೇಲೆ 'ನಕ್ಕು ಹೇಳಿದಳು' ಅಂದ್ರಿ. ನಕ್ಕಿದ್ದು ಯಾರು? ಯಾವಾಗ ನಕ್ಕಳು? ನಗು ಎಲ್ಲಿಂದ ಬಂತು?"

ಪುಟ್ಟತಾಯಿ ಹಲಗೆಯ ಮೇಲೆ ಮಂಡಿಯೂರಿ ಒಂದೊಂದೇ ಪದ್ಯದ ಕೊನೆಗೆ ಬೆರಳಿಟ್ಟಳು. ಮೊದಲ ಪದ್ಯದ ಕೊನೆ 'ಬಂದಳು', ಎರಡನೆಯದರ ಮೊದಲು 'ಬಂದು'. ಆಮೇಲಿನದೂ ಹಾಗೆ, ಅದರಾಚೆಯದೂ ಹಾಗೆ. ಒಂದರ ಬಾಲ ಇನ್ನೊಂದರ ತಲೆ. ಹೇಳಿದ್ದನ್ನೇ ಮತ್ತೆ ಹೇಳಿ ಗಂಟು ಹಾಕಿಕೊಂಡು ಹೋಗಿದ್ದರು, ದಾರ ಜಾರದಂತೆ. ಹೊಳೆಯ ನಡುವೆ ಮಾತ್ರ ಗಂಟು ಬಿಚ್ಚಿತ್ತು. 'ಕೂರಲಿ', 'ನಕ್ಕು'. ಇಷ್ಟು ವರ್ಷವೂ ದೋಣಿಯ ಜೊತೆ ಸುತ್ತಿದ ತಲೆಗೆ ಅದರ ಹಿಂದೆಯೇ ಬರುವ ಈ ಕುಲುಕು ಗೊತ್ತಾಗಿರಲಿಲ್ಲ.

"ಕೊನೇ ಮಾತು 'ನಕ್ಕಳು'," ಎಂದಳು. "ಇಮಾಮ್ ಮಾಮ, ನಿಂಗೆ ನೂರಕ್ಕೆ ನೂರು."

"ನೂರು ಬ್ಯಾಡ ತಾಯಿ. ಒಡೆದ ಮೊಟ್ಟೆಗೆ ಏನಾದ್ರೂ ಮಾಡು."

ಆ ಮೊಟ್ಟೆಯನ್ನು ಮನೆಗೆ ತಂದು ಪಲ್ಯ ಮಾಡಿದೆ. ಜಗುಲಿಯಲ್ಲಿ ಅತ್ತೆ ನಿಂಗಾಜಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಪುಟ್ಟತಾಯಿ ಅವರ ಎದುರೇ ಕಾಲು ಚಾಚಿ ಕೂತು ಗೊಣಗುತ್ತಿದ್ದಳು. ಮೂರು, ನಾಲ್ಕು, ಮೂರು, ಆಮೇಲೆ ನಕ್ಕಳು. ಎರಡನೆಯ ಅಕ್ಷರ ಳ. ಮೊದಲ ಅಕ್ಷರ ಎಳೆಯಬಾರದು. ಬಳಿಗೆ? ಹಳೆಯ? ತಳಕೆ? ಮೊರದ ಸದ್ದು ನಿಂತಿತು. ಅತ್ತೆ ಹುರುಳಿಯ ಕಡೆಗೇ ನೋಡುತ್ತ, ಕಲ್ಲೊಂದನ್ನು ಹೆಕ್ಕಿ ಎಸೆದು, ಮೆಲ್ಲಗೆ ಹೇಳಿದರು:

"ಗಳಿಗೆ ಸುಮ್ಮನೆ ನಿಂತು ನಕ್ಕಳು."

ಪುಟ್ಟತಾಯಿಯ ಬೆರಳುಗಳು ತಾವಾಗಿಯೇ ಮಡಿಸಿಕೊಂಡವು. ಗಳಿಗೆ, ಮೂರು. ಸುಮ್ಮನೆ, ನಾಲ್ಕು. ನಿಂತು, ಮೂರು. ನಕ್ಕಳು, ನಾಲ್ಕು. ಮೊಳೆ ಇತ್ತು, ಹೆಜ್ಜೆ ಇತ್ತು, ಗಂಟು ಇತ್ತು.

"ಅಜ್ಜಿ, ನಿಂಗೆ ಗೊತ್ತಿತ್ತಾ!"

"ಗೊತ್ತಿಲ್ದೆ ಏನೇ? ಚಿಕ್ಕೋಳಿದ್ದಾಗಿಂದ ಕೇಳಿದ್ದೆ."

"ಮತ್ತೆ ಈ 'ಕೂರಲಿ' ಎಲ್ಲಿಂದ ಬಂತು ಅತ್ತೆಮ್ಮ?" ಎಂದೆ.

ಅತ್ತೆ ಮೊರವನ್ನು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರು. "ನಾನು ಆ ದಡದೋಳು ಕಣಮ್ಮಿ. ಮಜ್ಜಿಗೆ ಮಾರಾಕೆ ದಿನಾ ಈ ದಡಕ್ಕೆ ಬರ್ತಿದ್ದೆ. ನಿಮ್ಮ ಮಾವ ಪದ ಹೇಳೋರು. ಪದ ಹೇಳೋನು ಬೇರೆ ಮಾತಾಡಂಗಿಲ್ಲ, ಮಾತಾಡಿದ್ರೆ ದೋಣಿ ನಿಂತೋಯ್ತದೆ. ಪದ ಮುಗೀತು ಅಂದ್ರೆ ದಡ ಬಂತು, ದಡ ಬಂದ್ರೆ ನಾನು ಕೊಡ ಹೊತ್ಕಂಡು ಹೊರಟೆ. ಹಿಂಗೇ ಒಂದು ಬ್ಯಾಸಿಗೆ ಪೂರ್ತಿ. ಒಂದಿನ ಆ ಸಾಲಿಗೆ ಬಂದು ನನ್ನ ಮಖ ನೋಡಿದ್ರು. ಮನಸಲ್ಲಿದ್ದದ್ದು ಬಾಯಿಗೆ ಬಂದ್ಬಿಡ್ತು. ದೋಣಿ ಸುತ್ತೇಬಿಡ್ತು."

"ನೀ ಏನಂದೆ ಅಜ್ಜಿ?"

"ಏನನ್ಲಿ? ಕೂತೆ."

ಪುಟ್ಟತಾಯಿ ಬಿದ್ದು ಬಿದ್ದು ನಕ್ಕಳು. "ಹಂಗಾರೆ ಪದ ಕೆಡಿಸಿದ್ದು ತಾತಾನೇ!"

"ಕೆಡಿಸಿದ್ರು. ಕೆಡಿಸದೆ ಇದ್ದಿದ್ರೆ ನಿಮ್ಮಪ್ಪ ಎಲ್ಲಿರ್ತಿದ್ದ, ನೀನೆಲ್ಲಿರ್ತಿದ್ದೆ? ಮದುವೆ ಆದಮೇಲೆ ನಾನೇ ಅಂದೆ, ಇನ್ನು ಸರಿ ಮಾಡ್ಕಳಿ ಅಂತ. ಇರಲಿ, ನಿಂಗೆ ಇಷ್ಟ ಅಲ್ವಾ ಅಂದ್ರು."

ಊರಿನ ಎರಡೂ ಪಂಗಡಗಳು ತಪ್ಪಾಗಿದ್ದವು. ಕೂರಬೇಕಾಗಿದ್ದದ್ದು ಸೂಜಿಯೂ ಅಲ್ಲ, ಆ ಹೆಂಗಸೂ ಅಲ್ಲ, ನಮ್ಮ ಅತ್ತೆ. ನನಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಮಾವ ನನ್ನ ಕೈ ಹಿಡಿದು ಕೇಳಿದ್ದು ಪದವನ್ನಲ್ಲ, ಈ ಸಾಲನ್ನು. ಕಳೀಬ್ಯಾಡ, ಕೂಡಿಸಬ್ಯಾಡ, ತಿದ್ದಬ್ಯಾಡ ಎಂದು ಮೂರು ಸಲ ಕೇಳಿದ್ದರು.

"ನಾ ಮಾತು ಕೊಟ್ಟಿದೀನಿ ಅತ್ತೆಮ್ಮ."

"ನನ್ನ ಕೂರಿಸಿದ್ದು ಸಾಕು. ಈ ಹುಡುಗಿ ಇಳೀಲಿ."

"ಮಾತು ತಗೊಂಡೋರು ನೀವಲ್ಲವಲ್ಲ."

"ಅವರಿಗೆ ನಾ ಹೇಳ್ಕತೀನಿ ಬಿಡು. ದಿನಾ ಹೇಳ್ತಾನೇ ಇರ್ತೀನಿ ಏನಾರ ಒಂದು," ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ಸೋಮವಾರ ಬಿಸಿಲು ನೀರಿಗೆ ಬೀಳುವ ಮೊದಲೇ ದೋಣಿ ತುಂಬಿತ್ತು. ಹೊಸ ಮದುಮಕ್ಕಳು ಒಂದು ಜೋಡಿ, ಬಸುರಿಯರು, ಎಮ್ಮೆ ಮಾರಿ ಬೇರೆ ಎಮ್ಮೆ ತರಲು ಹೊರಟವರು. ಇಮಾಮಣ್ಣನ ಕೋಳಿ ಮರಿ ಮಾಡಿತ್ತು. ಹದಿನೈದು ಸುತ್ತಿಗೆ ಕಡಿಮೆಯಿಲ್ಲ ಎಂದು ಮುಖಗಳೇ ಹೇಳುತ್ತಿದ್ದವು. ಪುಟ್ಟತಾಯಿ ಎರಡು ಜಡೆ ಹಾಕಿ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮೂತಿಯ ಹತ್ತಿರ ಕೂತಿದ್ದಳು. ಅವಳ ಪಕ್ಕದಲ್ಲಿ, ಯಾರೂ ಕರೆಯದೆಯೇ, ಅತ್ತೆ. ಖಾಲಿ ದೋಣಿಯಾದರೆ ಪುಟ್ಟತಾಯಿಯ ಪುಟ್ಟ ಗಂಟಲಿಗೂ ಬಗ್ಗುತ್ತದೆ; ತುಂಬಿದ ದೋಣಿಗೆ ಸಾಲು ಮೊದಲು ಪದ ಪಡೆದವಳ ಗಂಟಲಿಂದಲೇ ಬರಬೇಕು, ಉಳಿದವರು ಅದನ್ನು ಮತ್ತೆ ಹೇಳಬಹುದು ಅಷ್ಟೇ. ಈ ಸಲ ನಾನು ಬಾಯಿ ಮುಚ್ಚಿಕೊಳ್ಳುವಂತಿರಲಿಲ್ಲ.

ಹೊಳೆಯ ನಡುವೆ ಬಂದಾಗ ಆ ದಡದಿಂದ ಮೊದಲನೆಯ ಗಂಟೆ ಕೇಳಿಸಿತು. "ಎಳೆಯ ಬಿಸಿಲಲಿ ಸೂಜಿ ಹೊಳೆಯಿತು" ಎಂದೆ. ಎಲ್ಲರೂ ಸುತ್ತಿಗೆ ಅಣಿಯಾಗಿ ಕೊಡೆಗಳನ್ನು ಆ ಭುಜಕ್ಕೆ ಬದಲಿಸಿದರು, ಎಲೆಗೆ ಸುಣ್ಣ ಹಚ್ಚಿದರು. ನನ್ನ ಬಾಯಲ್ಲಿ ಮಾವನ ಸಾಲು ಬಂದು ನಿಂತಿತ್ತು. ಅದು ಬರುವುದೇ ಹಾಗೆ, ಕರೆಯದೆ. ಅದನ್ನು ನುಂಗಿದೆ. "ಗಳಿಗೆ ಸುಮ್ಮನೆ ನಿಂತು ನಕ್ಕಳು."

ದೋಣಿ ಸುತ್ತಲಿಲ್ಲ. ಬದಲಿಸಿದ ಕೊಡೆಗಳ ತಪ್ಪು ಕಡೆಯಿಂದ ಎಲ್ಲರ ಮುಖಕ್ಕೂ ಬಿಸಿಲು ಹೊಡೆಯಿತು. ಎಲ್ಲರೂ ಒಟ್ಟಿಗೆ ದನಿ ಎತ್ತಿದರು. "ಏನಿದು ಸಾಕಮ್ಮ!" "ನಮ್ಮ ಸುತ್ತು ಎಲ್ಲಿ?" "ಹೊಸ ಸೊಸೆಗೆ ಸುತ್ತಿಲ್ಲದೆ ಹೆಂಗೆ ಇಳಿಸೋದು?" ಇಮಾಮಣ್ಣ ಒಬ್ಬ ಮಾತ್ರ ಕಣ್ಣು ಮುಚ್ಚಿ ಮರಿಗಳ ಧ್ಯಾನದಲ್ಲಿದ್ದ. ಅವನು ಅಭ್ಯಾಸಬಲದಿಂದ, "ನಂದೊಂದು!" ಎಂದು ಕೂಗಿ, ಕಿವಿಗೆ ಬಿದ್ದ ಸಾಲನ್ನೇ ಗಟ್ಟಿಯಾಗಿ ಹೇಳಿಬಿಟ್ಟ: "ಗಳಿಗೆ ಸುಮ್ಮನೆ ನಿಂತು ನಕ್ಕಳು!"

ದೋಣಿ ಹೋರಿಯ ಹಾಗೆ ಮುಂದಕ್ಕೆ ಹಾರಿತು. ಮುಂದಿನ ಸಾಲಿನವರು ಹಿಂದಿನವರ ಮಡಿಲಲ್ಲಿ ಬಿದ್ದರು.

ಬೈಗುಳ ನಿಂತಿತು. ಮದುಮಗ ಮದುಮಗಳ ಮುಖ ನೋಡಿದ. "ನಮ್ಮದೂ ಒಂದು," ಎಂದಳು ಅವಳೇ. ಎಲ್ಲರೂ ಸೇರಿ ಹೇಳಿದರು, ದೋಣಿ ಮತ್ತೆ ಹಾರಿತು. ಆಮೇಲೆ ಯಾರೂ ಯಾರಿಗೂ ಬಿಡಲಿಲ್ಲ. ಬಸುರಿಯರಿಗೊಂದು, ಎಮ್ಮೆಗೊಂದು, ಬರಲಿರುವ ಎಮ್ಮೆಗೊಂದು. ಒಬ್ಬೊಬ್ಬರ ಪಾಲಿಗೂ ಒಂದೊಂದು ನೆಗೆತ. ನೀರು ಎರಡೂ ಕಡೆ ಸೀಳಿಕೊಂಡು ಹೋಗುತ್ತಿತ್ತು. ಅತ್ತೆ ಸೆರಗು ಹಿಡಿದುಕೊಂಡು, ಪದದಲ್ಲಿ ಹೇಳಿದ ಹಾಗೆಯೇ, ನಗುತ್ತಿದ್ದರು. ಎರಡನೆಯ ಗಂಟೆಗೆ ಮೇಷ್ಟ್ರು ಕೈ ಎತ್ತಿದ್ದು ನನಗೆ ದೋಣಿಯಿಂದಲೇ ಕಾಣಿಸಿತು. ಅಷ್ಟರಲ್ಲಿ ಮೂತಿ ಮರಳಿಗೆ ಒರಸಿತ್ತು, ಪುಟ್ಟತಾಯಿ ಹಾರಿದ್ದಳು, ಅವಳ ಒಂದು ಜಡೆ ಬಿಚ್ಚಿಹೋಗಿತ್ತು. ಎತ್ತಿದ ಕೈಯನ್ನು ಮೇಷ್ಟ್ರು ಹಾಗೇ ಹಿಡಿದುಕೊಂಡರು. ಅವಳು ಗೇಟು ದಾಟಿದ ಮೇಲೆ ಬಾರಿಸಿದರು.

ಪದ ಇನ್ನೂ ಮುಗಿದಿರಲಿಲ್ಲ. ಜನ ಇಳಿದುಹೋದರೂ ದೋಣಿ ಕೆಚ್ಚಲಿಗೆ ಗುದ್ದುವ ಕರುವಿನ ಹಾಗೆ ದಡಕ್ಕೆ ಗುದ್ದುತ್ತಲೇ ಇತ್ತು. ಅತ್ತೆಯೊಬ್ಬರನ್ನೇ ಕೂರಿಸಿಕೊಂಡು ಉಳಿದ ಪದ್ಯಗಳನ್ನು ಹೇಳಿ ಮುಗಿಸಿದೆ. ಕೊನೆಯಲ್ಲಿ ಆ ಹೆಂಗಸು ಗೆಳತಿಯ ಮನೆ ಮುಟ್ಟಿ ಸೂಜಿ ಚಾಚುತ್ತಾಳೆ. "ಮರೆತೆ ಬಿಟ್ಟೆನು, ಸೂಜಿ ಯಾವುದು?" ಎನ್ನುತ್ತಾಳೆ ಗೆಳತಿ.

ಪುಟ್ಟತಾಯಿ ಪಾಸಾದಳು. ಛಂದಸ್ಸಿನಲ್ಲಿ ಅಂಕ ಒಂದು ಕಡಿಮೆ ಬಂತು, ಯಾಕೆಂದು ಈಗಲೂ ಮೇಷ್ಟ್ರ ಹತ್ತಿರ ವಾದ ಮಾಡುತ್ತಾಳೆ. ಮೇಷ್ಟ್ರು ಬೆಳಗಿನ ದೋಣಿಯಲ್ಲಿ ಧೈರ್ಯವಾಗಿ ಬಂದು ಹೋಗುತ್ತಾರೆ. ಗೇಟಿನ ಹೊರಗೆ ಬೇಸತ್ತು ಶಾಲೆ ಬಿಟ್ಟಿದ್ದ ಹುಡುಗಿಯರಲ್ಲಿ ಕೆಲವರು ಮತ್ತೆ ಜಡೆ ಹಾಕಿಕೊಂಡು ಬರುತ್ತಿದ್ದಾರೆ. ಸಂಜೆಯ ಕೊನೆಯ ದೋಣಿಗೆ ಮಾವನ ಸಾಲೇ. ಆ ಹೊತ್ತಿಗೆ ಯಾರಿಗೂ ಅವಸರವಿರುವುದಿಲ್ಲ. ಅತ್ತೆ ಒಂದೊಂದು ದಿನ ಸುಮ್ಮನೆ ಬಂದು ಹತ್ತುತ್ತಾರೆ, ಆ ದಡದಲ್ಲಿ ಇಳಿಯದೆ ವಾಪಸು ಬರುತ್ತಾರೆ.

ಬೆಳಿಗ್ಗೆ, ಶಾಲೆ ಇರುವ ದಿನ, ನಾನು ಮಾವನಿಗೆ ಕೊಟ್ಟ ಮಾತನ್ನು ಮುರಿಯುತ್ತೇನೆ.